'ಗೋ ಫಾಸ್ಟ್' ವಿಡಿಯೋ ನಿಜಾನಾ?

ರಾತ್ರಿಪಾಳಿ: 2015ರಲ್ಲಿ ಅಮೆರಿಕದ ಯುದ್ಧವಿಮಾನದಿಂದ ತೆಗೆದ, ಹಾರುವ ತಟ್ಟೆಯದ್ದು ಅಂತ ಜನ ಹೇಳುವ 'ಗೋ ಫಾಸ್ಟ್' ವಿಡಿಯೋ ನಿನ್ನೆ ಮತ್ತೆ ನೋಡಿದೆ. ಸಮುದ್ರದ ಮೇಲೆ ಪುಟ್ಟ ಚುಕ್ಕೆಯೊಂದು ಸರ್ರನೆ ಹೋಗುತ್ತೆ, ಪೈಲಟ್‌ಗಳು ಖುಷಿಯಿಂದ ಕೂಗುತ್ತಾರೆ. ಅಸಲಿನಾ, ಎಡಿಟಿಂಗಾ?

ಲೆಕ್ಕದಮೇಷ್ಟ್ರು: ವಿಡಿಯೋ ಅಸಲಿ, ಅದರಲ್ಲಿ ಜಗಳವೇ ಇಲ್ಲ. 2020ರ ಏಪ್ರಿಲ್‌ನಲ್ಲಿ ಪೆಂಟಗನ್ನೇ ಬಿಡುಗಡೆ ಮಾಡಿತು. ಮೋಸ ಇರುವುದು ವೇಗದಲ್ಲಿ. ವಿಮಾನ 25 ಸಾವಿರ ಅಡಿ ಮೇಲಿದೆ ಅಂತ ಪರದೆಯಲ್ಲೇ ಬರೆದಿದೆ, ಕ್ಯಾಮೆರಾದ ಕೋನ, ವಸ್ತುವಿನ ದೂರ ಕೂಡ ಇದೆ. ಅದನ್ನೇ ಹಿಡಿದು ನಾಸಾ ತಂಡ 2023ರಲ್ಲಿ ಲೆಕ್ಕ ಹಾಕಿದರೆ ಆ ವಸ್ತು ಇದ್ದದ್ದು ಸುಮಾರು 13 ಸಾವಿರ ಅಡಿಯಲ್ಲಿ, ವೇಗ ಗಂಟೆಗೆ ಬರೀ 40 ಮೈಲಿಯಷ್ಟು! ನೀರಿಗೆ ಅಂಟಿಕೊಂಡು ಹೋಗುತ್ತಿರಲೇ ಇಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ಕಂಬ ಓಡಿದ ಹಾಗೆ ಕಾಣುತ್ತಲ್ವಾ, ಅದೇ ಕಥೆ.

ಮೋಡಪ್ರಿಯ: ಹಾಗಾದರೆ ದಿನಾ ಹಾರುವ ಪೈಲಟ್‌ಗಳು ಸುಮ್ನೆ ಕೂಗಿದ್ರಾ? 2004ರಲ್ಲಿ ಅಮೆರಿಕ ನೌಕಾಪಡೆಯ ಪೈಲಟ್ ಕಮಾಂಡರ್ ಡೇವಿಡ್ ಫ್ರೇವರ್ ಇಂಥದ್ದೇ ವಿಚಿತ್ರ ವಸ್ತುವನ್ನ ಕಣ್ಣಾರೆ ನೋಡಿದ್ದಕ್ಕೆ ಏನಂತೀರಿ?

ಲೆಕ್ಕದಮೇಷ್ಟ್ರು: ಅದು ಬೇರೆ ಕೇಸು, ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ಆದರೆ ಆ ಘಟನೆಯ ವಿಡಿಯೋ ತೆಗೆದದ್ದು ಫ್ರೇವರ್ ಅಲ್ಲ, ಆಮೇಲೆ ಹೋದ ಇನ್ನೊಂದು ವಿಮಾನ.

ರಾತ್ರಿಪಾಳಿ: ಪರದೆಯ ಅಂಕಿ ನಾನು ಗಮನಿಸಿರಲೇ ಇಲ್ಲ ಮಾರಾಯ್ರೆ. ಇವತ್ತು ನಿಲ್ಲಿಸಿ ನಿಲ್ಲಿಸಿ ನೋಡ್ತೀನಿ.