ಹಳದಿ ದೀಪ ಆರುತ್ತಿಲ್ಲ, ಕೆಂಪು ದೀಪ ಒಮ್ಮೆ ಮಿನುಗಿತು: ಗಾಡಿ ಓಡಿಸಬಹುದೇ? ಅನುಭವ ಇರುವವರು ತಿಳಿಸಿ

ಹೊಸಚಾಲಕ (ಪ್ರಶ್ನೆ)

ಎಂಟು ವರ್ಷ ಓಡಿದ ಪೆಟ್ರೋಲ್ ಕಾರೊಂದನ್ನು ಹೋದ ತಿಂಗಳು ಕೊಂಡೆ. ನಾಲ್ಕು ದಿನಗಳಿಂದ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಒಂದೇ ಸಮನೆ ಉರಿಯುತ್ತಿದೆ. ಓಟದಲ್ಲಿ ನನಗೇನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ನಿನ್ನೆ ಸಂಜೆ ಒಂದು ತಿರುವಿನಲ್ಲಿ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪವೂ ಒಂದು ಕ್ಷಣ ಮಿನುಗಿ ಆರಿಹೋಯಿತು. ಮುಂದಿನ ವಾರ 600 ಕಿಲೋಮೀಟರಿನ ಪ್ರಯಾಣವಿದೆ. ಇಂತಹ ದೀಪ ಕಂಡಾಗ ನೀವೇನು ಮಾಡಿದಿರಿ, ಆಮೇಲೆ ಏನಾಯಿತು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಎಂಜಿನ್_ಕಳೆದುಕೊಂಡವನು

ನನ್ನ ಗಾಡಿಯಲ್ಲಿ ಆ ಕೆಂಪು ದೀಪ ಹನ್ನೊಂದು ದಿನ ತಿರುವುಗಳಲ್ಲಿ ಮಾತ್ರ ಮಿನುಗಿತು. ಹನ್ನೆರಡನೆಯ ದಿನ ಆರಲೇ ಇಲ್ಲ. ಮನೆಗೆ 9 ಕಿಲೋಮೀಟರ್ ಉಳಿದಿತ್ತು. ಇಷ್ಟು ದಿನ ಆಗದ ಅನಾಹುತ ಈ ಒಂಬತ್ತು ಕಿಲೋಮೀಟರಿನಲ್ಲಿ ಆಗುತ್ತದೆಯೇ ಎಂದುಕೊಂಡು ಓಡಿಸಿದೆ. ಆರನೆಯ ಕಿಲೋಮೀಟರಿನ ಹೊತ್ತಿಗೆ ಬಾನೆಟ್ಟಿನ ಕೆಳಗಿನಿಂದ ಯಾರೋ ಸಣ್ಣ ಸುತ್ತಿಗೆಯಿಂದ ತಟ್ಟುತ್ತಿರುವಂತಹ ಶಬ್ದ ಶುರುವಾಯಿತು. ಆಕ್ಸಿಲರೇಟರ್ ಒತ್ತಿದಂತೆ ತಟ್ಟುವುದೂ ಚುರುಕಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಗ ನಾನು ಮಾಡಿದ ಕೆಲಸವೆಂದರೆ ರೇಡಿಯೋದ ದನಿಯನ್ನು ಏರಿಸಿದ್ದು.

ಎಂಜಿನ್ ಬಿಚ್ಚಿದಾಗ ಒಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಎರಡು ಕನೆಕ್ಟಿಂಗ್ ರಾಡುಗಳು, ಎಲ್ಲ ಬೇರಿಂಗುಗಳು, ಆಯಿಲ್ ಪಂಪು, ಗ್ಯಾಸ್ಕೆಟ್ ಸೆಟ್ಟು ಹೋದವು. ಕ್ರ್ಯಾಂಕನ್ನು ಬೇರೆ ಕಡೆ ಕಳುಹಿಸಿ ಉಜ್ಜಿಸಿ, ಉಜ್ಜಿ ಸಣ್ಣದಾದ ಅದಕ್ಕೆ ಹೊಂದುವ 0.25 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ತರಿಸಬೇಕಾಯಿತು. ಮೊದಲು ಬಂದ ಸೆಟ್ಟು ಬೇರೆ ಅಳತೆಯದಾಗಿದ್ದರಿಂದ ಅದನ್ನು ಹಿಂತಿರುಗಿಸುವುದರಲ್ಲೇ ಹದಿನಾರು ದಿನ ಕಳೆದವು. ಒಟ್ಟು 41 ದಿನ ಗಾಡಿಯಿಲ್ಲ, ಖರ್ಚು ಗಾಡಿ ಕೊಂಡ ಬೆಲೆಯ ಅರ್ಧವನ್ನೂ ಮೀರಿತು. ನಾಲ್ಕು ಲೀಟರ್ ಹಿಡಿಯುವ ಆಯಿಲ್ ಚೇಂಬರಿನಿಂದ ಇಳಿದದ್ದು ಒಂದು ಲೀಟರಿಗಿಂತ ತುಸು ಹೆಚ್ಚು. ಅದರಲ್ಲಿಯೂ ಬೇಗಡೆಯ ಪುಡಿ ಕಲಸಿದಂತೆ ಲೋಹ ಮಿಂಚುತ್ತಿತ್ತು.

ಎಣ್ಣೆ ತಳ ಮುಟ್ಟಿದಾಗ ತಿರುವಿನಲ್ಲಿ ಅದು ಒಂದು ಬದಿಗೆ ಸರಿಯುತ್ತದೆ, ಪಂಪು ಗಾಳಿಯನ್ನು ಹೀರುತ್ತದೆ, ಒತ್ತಡ ಬೀಳುತ್ತದೆ, ದೀಪ ಮಿನುಗುತ್ತದೆ. ಅದು ಎಣ್ಣೆಯ ಮಟ್ಟ ತೋರಿಸುವ ದೀಪವಲ್ಲ, ಒತ್ತಡದ ದೀಪ. ಉರಿದ ಕ್ಷಣವೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಇದನ್ನು ನಾನು 41 ದಿನ ನಡೆದಾಡಿ ಕಲಿತೆ.

ಶಾಂತಚಿತ್ತ

ಮೇಲಿನವರ ಬಗ್ಗೆ ಸಹಾನುಭೂತಿಯಿದೆ, ಆದರೆ ಪ್ರಶ್ನೆ ಕೇಳಿದವರನ್ನು ಹೀಗೆ ಹೆದರಿಸುವುದು ಸರಿಯಲ್ಲ. ನನ್ನ ಗಾಡಿಯಲ್ಲಿಯೂ ಅದೇ ದೀಪ ಮೂರು ವಾರ ಬಿಟ್ಟುಬಿಟ್ಟು ಉರಿಯಿತು. ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಮೇಲಿನ ಗುರುತಿನಲ್ಲಿಯೇ ಇತ್ತು, ಎಂಜಿನ್ನಿನಲ್ಲಿ ಒಂದಿಷ್ಟೂ ಶಬ್ದವಿರಲಿಲ್ಲ. ಕೊನೆಗೆ ಮೆಕ್ಯಾನಿಕ್ ಆ ದೀಪ ಹೊತ್ತಿಸುವ ಒತ್ತಡದ ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ತಿರುಪಿ ನೋಡಿದರು. ಮುಳ್ಳು ಇರಬೇಕಾದಲ್ಲಿಯೇ ನಿಂತಿತು. ಕೆಟ್ಟಿದ್ದದ್ದು ಸ್ವಿಚ್ಚು ಮಾತ್ರ. ಅದರ ಬೆಲೆ ಎರಡು ಲೀಟರ್ ಎಂಜಿನ್ ಎಣ್ಣೆಗಿಂತ ಕಡಿಮೆ, ಕೆಲಸ ಅರ್ಧ ಗಂಟೆಯದು. ಪ್ರತಿ ದೀಪಕ್ಕೂ ಎದೆ ಒಡೆದುಕೊಳ್ಳುತ್ತಾ ಹೋದರೆ ಗಾಡಿಗಿಂತ ಮೊದಲು ನಾವೇ ಕೆಟ್ಟು ನಿಲ್ಲುತ್ತೇವೆ.

ಎಂಜಿನ್_ಕಳೆದುಕೊಂಡವನು

ಗೇಜ್ ಹಾಕಿದ್ದು ಮೂರು ವಾರಗಳ ನಂತರ ಎಂದು ತಾವೇ ಬರೆದಿದ್ದೀರಿ. ಆ ಮೂರು ವಾರ ಸ್ವಿಚ್ಚು ಕೆಟ್ಟಿದೆಯೆಂಬುದು ತಮಗೆ ಹೇಗೆ ಗೊತ್ತಿತ್ತು? ಗೊತ್ತಿರಲಿಲ್ಲ. ನಾನು ಮಾಡಿದ್ದನ್ನೇ ತಾವೂ ಮಾಡಿದ್ದೀರಿ. ತಮ್ಮ ಎಂಜಿನ್ ಉಳಿಯಿತು, ನನ್ನದು ಉಳಿಯಲಿಲ್ಲ. ಅದೃಷ್ಟಕ್ಕೆ ಶಾಂತಚಿತ್ತವೆಂದು ಹೆಸರಿಟ್ಟುಕೊಂಡ ಮಾತ್ರಕ್ಕೆ ಅದು ಜಾಣತನವಾಗುವುದಿಲ್ಲ.

ಶಾಂತಚಿತ್ತ

ನಾನು ಪ್ರತಿದಿನ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ, ಅದ್ದಿ ನೋಡುತ್ತಿದ್ದೆ. ತಾವು ಹನ್ನೊಂದು ದಿನದಲ್ಲಿ ಒಮ್ಮೆಯಾದರೂ ಬಾನೆಟ್ ಎತ್ತಿದಿರಾ? ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಬೇಡಿ.

ಕೋಡ್_ಓದುಗ

ಇಬ್ಬರೂ ಕೆಂಪು ದೀಪಕ್ಕೆ ಜೋತುಬಿದ್ದಿದ್ದೀರಿ, ಹಳದಿಯ ಬಗ್ಗೆ ಮಾತೇ ಇಲ್ಲ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ, ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ದಾಖಲಿಸುವ ಓಬಿಡಿ 2 ವ್ಯವಸ್ಥೆ ಈಗ ಎಲ್ಲೆಡೆ ಬಂದಿದೆ. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಪುಟ್ಟ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಕೋಡ್ ಸಿಗುತ್ತದೆ. ಆದರೆ ಕೋಡ್ ಸಿಕ್ಕಿತೆಂದು ಕುಣಿಯಬಾರದು, ಕುಣಿದವನು ನಾನೇ.

ನನಗೆ ಬಂದದ್ದು ಪಿ0420, ಅಂದರೆ ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಮಿತಿಗಿಂತ ಕೆಳಗಿದೆ ಎಂದು. ಗ್ಯಾರೇಜಿನವರು ಕನ್ವರ್ಟರ್ ಬದಲಿಸಬೇಕೆಂದರು, ಬದಲಿಸಿದೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳಿರುವುದರಿಂದ ಬೆಲೆ ಎಷ್ಟೆಂದು ಬಲ್ಲವರು ಬಲ್ಲರು. ಮನೆಗೆ ಬಣ್ಣ ಹೊಡೆಸಲು ಎತ್ತಿಟ್ಟಿದ್ದ ಹಣವೆಲ್ಲ ಗಾಡಿಯ ಹೊಟ್ಟೆಯ ಕೆಳಗೆ ಸೇರಿತು. ಇಪ್ಪತ್ತೆರಡನೆಯ ದಿನ ಅದೇ ದೀಪ, ಅದೇ ಪಿ0420. ಎರಡನೆಯ ಮೆಕ್ಯಾನಿಕ್ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ಹಿಡಿದು ಕಿವಿಗೊಟ್ಟರು. ಮುಂದೆ ಪೈಪಿನ ಜೋಡಣೆಯಲ್ಲಿ ಟಿಕ್ ಟಿಕ್ ಎಂದು ಹೊಗೆ ಸೋರುತ್ತಿತ್ತು. ಆ ಸಂದಿನಿಂದ ಒಳಗೆ ಸೇರುತ್ತಿದ್ದ ಗಾಳಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಲೆಕ್ಕವನ್ನು ಕೆಡಿಸುತ್ತಿತ್ತು. ಒಂದು ಗ್ಯಾಸ್ಕೆಟ್, ಎರಡು ಬೋಲ್ಟು, ಮುಗಿಯಿತು. ಹಳೆಯ ಕನ್ವರ್ಟರನ್ನು ಮೊದಲ ಗ್ಯಾರೇಜಿನವರು ಗುಜರಿಗೆ ಹಾಕಿದೆವೆಂದರು. ಗುಜರಿಯಲ್ಲಿ ಅದಕ್ಕೆ ಎಷ್ಟು ಬರುತ್ತದೆಂಬುದು ನನಗೆ ಆಮೇಲೆ ತಿಳಿಯಿತು.

ಅಳಿಸು_ಮರೆತುಬಿಡು

ಸ್ಕ್ಯಾನರ್ ಇದ್ದರೆ ಕೋಡನ್ನು ಅಳಿಸಿಬಿಡಬಹುದು. ನಾನು ಎರಡು ವರ್ಷದಿಂದ ತಿಂಗಳಿಗೊಮ್ಮೆ ಅಳಿಸುತ್ತಿದ್ದೇನೆ, ಗಾಡಿ ಚೆನ್ನಾಗಿಯೇ ಓಡುತ್ತಿದೆ.

ಕೋಡ್_ಓದುಗ

ಅಳಿಸಿದರೆ ದೀಪ ಆರುತ್ತದೆ, ದೋಷ ಆರುವುದಿಲ್ಲ. ಜೊತೆಗೆ ದೋಷ ಕಂಡ ಕ್ಷಣದ ವೇಗ, ಉಷ್ಣಾಂಶ, ಎಂಜಿನ್ ಲೋಡುಗಳ ದಾಖಲೆಯೂ ಅಳಿಸಿಹೋಗಿ ಮೆಕ್ಯಾನಿಕ್ ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ. ಇನ್ನೊಂದು ಮಾತು: ಹಳದಿ ದೀಪ ಸ್ಥಿರವಾಗಿ ಉರಿಯುವುದಕ್ಕೂ ಮಿಣುಕುವುದಕ್ಕೂ ಅಜಗಜಾಂತರವಿದೆ. ನನ್ನ ಅಣ್ಣನ ಗಾಡಿಯಲ್ಲಿ ಅದು ಮಿಣುಕುತ್ತಿತ್ತು, ಕೋಡ್ ಪಿ0302, ಅಂದರೆ ಎರಡನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ ಮಿಸ್‌ಫೈರ್. ಅವನೂ ಅಳಿಸಿ ಓಡಿಸಿದ. ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಒಳಗಿನ ಜೇನುಗೂಡು ಕರಗಿ ಪೈಪನ್ನೇ ಮುಚ್ಚಿತು. ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲ್ ಒಂದನ್ನು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸವದು.

ಬೆಲ್ಟ್_ಹರಿದವಳು

ಯಾವ ದೀಪ ಎಂಬುದಷ್ಟೇ ಅಲ್ಲ, ಯಾವ ದೀಪದ ಜೊತೆಗೆ ಯಾವುದು ಎಂಬುದನ್ನೂ ನೋಡಬೇಕು. ನನಗೆ ಮೊದಲು ಹೊತ್ತಿಕೊಂಡದ್ದು ಬ್ಯಾಟರಿಯ ಕೆಂಪು ದೀಪ. ಬ್ಯಾಟರಿ ಹಳೆಯದಾಗಿದೆ, ಮನೆ ತಲುಪಿದ ಮೇಲೆ ಬದಲಿಸಿದರಾಯಿತು ಎಂದುಕೊಂಡೆ. ಆ ದೀಪ ಬ್ಯಾಟರಿಯದಲ್ಲ, ಚಾರ್ಜಿಂಗಿನದು ಎಂಬುದು ಅಂದು ನನಗೆ ತಿಳಿದಿರಲಿಲ್ಲ. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಹರಿದಿತ್ತು, ಮತ್ತು ನನ್ನ ಗಾಡಿಯಲ್ಲಿ ಎಂಜಿನ್ ತಣಿಸುವ ನೀರನ್ನು ಹರಿಸುವ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಷ್ಣಾಂಶದ ಮುಳ್ಳು ಕೆಂಪು ಪಟ್ಟಿ ಮುಟ್ಟಿತು. ಎಲ್ಲರೂ ಹೇಳುವಂತೆ ಏಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ ಓಡಿಸುತ್ತಲೇ ಹೋದೆ. ಹೀಟರಿನಿಂದ ಮೊದಲು ಬಿಸಿ ಗಾಳಿ ಬಂತು, ಆಮೇಲೆ ತಣ್ಣನೆಯ ಗಾಳಿ. ಹಾಗೆಯೇ ಮುಳ್ಳೂ ಮೆಲ್ಲನೆ ಕೆಳಗಿಳಿದು ನಡುವಿಗೆ ಬಂತು. ಸದ್ಯ ಬಚಾವಾದೆ ಎಂದು ನಿಟ್ಟುಸಿರು ಬಿಟ್ಟೆ. ಇಳಿದದ್ದು ಉಷ್ಣಾಂಶವಲ್ಲ, ನೀರು. ಸೆನ್ಸರಿನ ಸುತ್ತ ನೀರೇ ಇಲ್ಲದಿದ್ದಾಗ ಅದು ಏನನ್ನು ಅಳೆಯುತ್ತದೆ?

ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಯಿತು, ಹೆಡ್ ಗ್ಯಾಸ್ಕೆಟ್ ಸುಟ್ಟಿತು, ಎಣ್ಣೆ ಸುರಿಯುವ ಮುಚ್ಚಳ ತೆರೆದರೆ ಒಳಗೆ ಎಣ್ಣೆಗೆ ನೀರು ಬೆರೆತು ಹಾಲಿನ ಕೆನೆಯಂತಹ ಲೋಳೆ. ಮೊದಲ ಗ್ಯಾರೇಜಿನಲ್ಲಿ ಹೆಡ್ಡನ್ನು ಮಟ್ಟ ಮಾಡಿಸಿ ಕೂರಿಸಿದರು, ಎಂಟು ನೂರು ಕಿಲೋಮೀಟರಿಗೆ ಮತ್ತೆ ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರು, ಕಡಿಮೆಯಾಗತೊಡಗಿತು. ಹೆಡ್ಡಿನಲ್ಲಿ ಕಾಣದಷ್ಟು ಸಣ್ಣ ಬಿರುಕಿತ್ತಂತೆ. ಎರಡನೆಯ ಸಲ ಹಳೆಯ ಎಂಜಿನ್ನಿನ ಹೆಡ್ ಹುಡುಕಿ ಹಾಕಿಸಿದೆ. ಗ್ಯಾಸ್ಕೆಟ್ಟಿಗೆ ಎರಡು ಸಲ, ಹೆಡ್ ಬೋಲ್ಟಿಗೆ ಎರಡು ಸಲ, ಕೂಲಂಟಿಗೆ ಮೂರು ಸಲ, ಗಾಡಿ ಎಳೆಸಿದ್ದಕ್ಕೆ ಎರಡು ಸಲ ಕೊಟ್ಟಿದ್ದೇನೆ. ಬೆಲ್ಟಿನ ಬೆಲೆ ಈ ಬಿಲ್ಲಿನ ನೂರರಲ್ಲಿ ಒಂದು ಪಾಲೂ ಅಲ್ಲ. ಹೀಟರ್ ಹಾಕಿ ಓಡಿಸಿ ಎಂದು ಸಲಹೆ ಕೊಡುವವರು ಮೊದಲು ಆ ಬಿಲ್ಲನ್ನು ಓದಲಿ.

ಏರುದಾರಿ

ಮೇಡಂ, ಹೀಟರಿನ ಮೇಲೆ ತಪ್ಪು ಹೊರಿಸಬೇಡಿ. ಹೀಟರ್ ಎಂದರೆ ಪುಟ್ಟ ರೇಡಿಯೇಟರ್. ಒಳಗೆ ನೀರು ಹರಿಯುತ್ತಿರುವವರೆಗೆ ಅದು ನಿಜವಾಗಿಯೂ ಶಾಖವನ್ನು ಹೊರತಳ್ಳುತ್ತದೆ. ತುಂಬಿದ ಗಾಡಿಯಲ್ಲಿ ಉದ್ದನೆಯ ಏರು ಹತ್ತುವಾಗ ರೇಡಿಯೇಟರಿನ ಫ್ಯಾನಿನ ಫ್ಯೂಸ್ ಹೋಗಿ, ಸುರಕ್ಷಿತವಾಗಿ ನಿಲ್ಲಿಸುವ ಜಾಗ ಸಿಗುವವರೆಗೆ ಎರಡು ಕಿಲೋಮೀಟರ್ ನನ್ನನ್ನು ಕಾಪಾಡಿದ್ದು ಅದೇ ಹೀಟರು. ನಾನು ಕೆಟ್ಟದ್ದು ನಿಲ್ಲಿಸಿದ ಮೇಲೆ. ಹತ್ತು ನಿಮಿಷ ಸಾಕೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಒತ್ತಡದಲ್ಲಿರುವಾಗ ಕೂಲಂಟ್ 120 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿಯೂ ಕುದಿಯದೆ ಸುಮ್ಮನಿರುತ್ತದೆ, ಮುಚ್ಚಳ ಸಡಿಲಾದೊಡನೆ ಒಮ್ಮೆಲೇ ಆವಿಯಾಗಿ ಹಾರುತ್ತದೆ. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಎದ್ದಿತು, ಆರು ವಾರ ಎಡಗೈಯಲ್ಲಿ ಊಟ ಮಾಡಿದೆ. ಫ್ಯೂಸ್ ಎಷ್ಟರದೆಂದು ಕೇಳಲೇಬೇಡಿ.

ಬೆಲ್ಟ್_ಹರಿದವಳು

ಅಂದರೆ ನೀರು ಇದೆಯೋ ಇಲ್ಲವೋ ಎಂಬುದನ್ನು ಓಡುತ್ತಿರುವ ಗಾಡಿಯಲ್ಲಿ ಕುಳಿತವರು ಕಣಿ ಕೇಳಿ ತಿಳಿಯಬೇಕೆ?

ಏರುದಾರಿ

ಹೀಟರಿನಿಂದ ಬರುವ ಗಾಳಿ ತಣ್ಣಗಾದ ಕ್ಷಣವೇ ತಿಳಿಯುತ್ತದೆ, ತಾವೇ ಅದನ್ನು ಬರೆದಿದ್ದೀರಿ. ಹೀಟರ್ ತಮಗೆ ಹೇಳಿತ್ತು, ತಾವು ಕೇಳಿಸಿಕೊಳ್ಳಲಿಲ್ಲ.

ಶಾಂತಚಿತ್ತ

ಹೀಗೆ ಬೇರೆಯವರ ಗಾಯಕ್ಕೆ ಉಪ್ಪು ಸವರುವ ಬದಲು ನನ್ನ ಒಂದು ಸುಲಭೋಪಾಯ ಕೇಳಿ. ಬ್ರೇಕಿನ ಕೆಂಪು ದೀಪ ಉರಿದಾಗಲೆಲ್ಲ ನಾನು ಬಾನೆಟ್ಟಿನ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಗೆ ಒಂದಿಷ್ಟು ಆಯಿಲ್ ಸುರಿಯುತ್ತೇನೆ, ದೀಪ ಆರುತ್ತದೆ. ಈ ವರ್ಷ ನಾಲ್ಕು ಸಲ ಸುರಿದಿದ್ದೇನೆ.

ಎಂಜಿನ್_ಕಳೆದುಕೊಂಡವನು

ನಾಲ್ಕು ಸಲವೇ! ಬ್ರೇಕ್ ಆಯಿಲ್ ಉರಿದು ಖರ್ಚಾಗುವ ವಸ್ತುವಲ್ಲ. ಪ್ಯಾಡ್ ಸವೆದಂತೆ ಮಟ್ಟ ಮೆಲ್ಲನೆ ಇಳಿಯುವುದು ಸಹಜ, ಆದರೆ ವರ್ಷಕ್ಕೆ ನಾಲ್ಕು ಸಲ ಸುರಿಯಬೇಕಾದರೆ ಅದು ಎಲ್ಲಿಯೋ ಸೋರುತ್ತಿದೆ. ಚಕ್ರಗಳ ಒಳಬದಿ ಒದ್ದೆಯಾಗಿದೆಯೇ ಎಂದು ಇಂದೇ ನೋಡಿಸಿ, ಅಲ್ಲಿಯವರೆಗೆ ದಯವಿಟ್ಟು ಓಡಿಸಬೇಡಿ. ಇದನ್ನು ಜಗಳಕ್ಕಾಗಿ ಹೇಳುತ್ತಿಲ್ಲ.

ಕೋಡ್_ಓದುಗ

ತೆರೆದಿಟ್ಟ ಹಳೆಯ ಡಬ್ಬಿಯಿಂದ ಸುರಿಯುತ್ತಿದ್ದರೆ ಇನ್ನೂ ಅಪಾಯ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯಲ್ಲಿ ಹೊಸದು ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಅದು ಕುದಿದು ಗುಳ್ಳೆಯೆದ್ದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ.

ಶಾಂತಚಿತ್ತ

ಡಬ್ಬಿ ಹಳೆಯದೇ. ನಾಳೆ ತೋರಿಸುತ್ತೇನೆ. ಆದರೆ ಸ್ವಿಚ್ಚಿನ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ.

ಹೊಸಚಾಲಕ

ಎಲ್ಲರಿಗೂ ವಂದನೆಗಳು. ಮೊದಲ ಉತ್ತರ ಓದಿದ ಕೂಡಲೇ ಕೆಳಗಿಳಿದು ಡಿಪ್‌ಸ್ಟಿಕ್ ಎಳೆದೆ. ಒರೆಸಿ ಅದ್ದಿದರೂ ತುದಿಗೆ ಎಣ್ಣೆಯ ಪಸೆಯಿರಲಿಲ್ಲ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆ ತರಿಸಿ, ಅರ್ಧರ್ಧ ಲೀಟರ್ ಸುರಿದು, ಐದು ನಿಮಿಷ ಬಿಟ್ಟು ನೋಡುತ್ತಾ ಹೋದೆ. ಮೇಲಿನ ಗುರುತಿಗೆ ಬರಲು ಎರಡು ಲೀಟರಿಗೂ ಹೆಚ್ಚು ಬೇಕಾಯಿತು. ಗಾಡಿಯನ್ನು ಸ್ಟಾರ್ಟ್ ಮಾಡದೆ ಮನೆಗೇ ಮೆಕ್ಯಾನಿಕ್ಕನ್ನು ಕರೆಸಿದೆ. ಗೇಜ್ ಹಾಕಿದರು, ಒತ್ತಡ ಸರಿಯಾಗಿದೆ, ತಟ್ಟುವ ಶಬ್ದವಿಲ್ಲ. ಹಳದಿ ದೀಪದ ಕೋಡ್ ಪಿ0011 ಎಂದು ಬಂತು.

ಕೋಡ್_ಓದುಗ

ಅಂದರೆ ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಟೈಮಿಂಗ್! ಅದನ್ನು ಹಿಂದೆ ಮುಂದೆ ಸರಿಸುವುದು ಎಂಜಿನ್ ಎಣ್ಣೆಯ ಒತ್ತಡವೇ. ಎಣ್ಣೆ ಕಡಿಮೆಯಾಗಿ ಅಥವಾ ಕೊಳೆಯಾಗಿ ಈ ಕೋಡ್ ಬರುವುದುಂಟು. ಹಾಗಾದರೆ ನಿಮ್ಮ ಹಳದಿ ದೀಪ ನಾಲ್ಕು ದಿನದಿಂದ ಹೇಳುತ್ತಿದ್ದುದನ್ನೇ ಕೆಂಪು ದೀಪ ಒಂದು ಕ್ಷಣದಲ್ಲಿ ಹೇಳಿರಬೇಕು. ಮೊದಲೇ ಕೋಡ್ ಕೇಳದೆ ನನ್ನ ಕನ್ವರ್ಟರಿನ ಪುರಾಣ ಬಿಚ್ಚಿದ್ದಕ್ಕೆ ಕ್ಷಮೆಯಿರಲಿ.

ಎಂಜಿನ್_ಕಳೆದುಕೊಂಡವನು

ಅದೆಲ್ಲ ಸರಿ, ಆ ಎರಡು ಲೀಟರ್ ಎಣ್ಣೆ ಹೋಯಿತೆಲ್ಲಿಗೆ? ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಿದೆಯೇ, ಅಥವಾ ನೆಲಕ್ಕೆ ಸೋರುತ್ತಿದೆಯೇ? ಇದು ತಿಳಿಯದೆ 600 ಕಿಲೋಮೀಟರ್ ಹೊರಡಬೇಡಿ.

ಹೊಸಚಾಲಕ

ಹೊಗೆ ಕಾಣಿಸಲಿಲ್ಲ. ನಿನ್ನೆ ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟು ಹಾಸಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಆಯಿಲ್ ಫಿಲ್ಟರಿನ ನೇರಕ್ಕೆ ಅಂಗೈಯಗಲದ ಕಪ್ಪು ಕಲೆ, ಅದರ ನಡುವೆ ಇನ್ನೂ ಇಂಗದ ಒಂದು ಹನಿ.