ಬೋರ್ಡಿನಲ್ಲಿ 'ಅಣ್ಣಿನ ರಸ': ಹಕಾರ ಎಲ್ಲಿ ಬರಬೇಕು?

ಪ್ರಶ್ನೆ (ತುಮಕೂರು): ಫಲಕಗಳಲ್ಲಿ 'ಅಣ್ಣಿನ ರಸ', 'ಆಲಿನ ಡೈರಿ' ಓದಿದರೆ ಮೈ ಉರಿಯುತ್ತದೆ. ಇನ್ನೊಂದೆಡೆ ಅಕ್ಕಿ ಹಿಟ್ಟಿಗೆ 'ಹಕ್ಕಿ ಹಿಟ್ಟು'! ಬೋರ್ಡ್ ಬರೆಯುವವರಿಗೆ ಹೇಳಿಕೊಡಲು ಸುಲಭದ ದಾರಿ ಇದೆಯೇ?

ಉತ್ತರ (ಕೋಲಾರ): ನಮ್ಮ ಕಡೆ ಬಹಳ ಮಂದಿಗೆ ತೆಲುಗು ಬರುತ್ತದೆ, ಅದನ್ನೇ ಬಳಸಿ ಸಾರ್. ಅಲ್ಲಿ ಪಕಾರವಿದ್ದರೆ ಇಲ್ಲಿ ಸಾಮಾನ್ಯವಾಗಿ ಹಕಾರ: ಪಾಲು–ಹಾಲು, ಪಂಡು–ಹಣ್ಣು, ಪಾಮು–ಹಾವು, ಪದಿ–ಹತ್ತು. ತೆಲುಗಿನ 'ಆಡು' ಕನ್ನಡದಲ್ಲೂ 'ಆಡು'. 'ಪಾಡು' ಮಾತ್ರ 'ಹಾಡು'. ಹಳಗನ್ನಡದಲ್ಲೂ ಪಾಲ್, ಪುಲಿ ಎಂದೇ ಇತ್ತು. ಸಂಸ್ಕೃತದಿಂದ ಬಂದ ಹಸ್ತ, ಹೃದಯಕ್ಕೆ ಈ ಉಪಾಯ ನಡೆಯದು, ನೆನಪಿಟ್ಟೇ ಕಲಿಯಬೇಕು.

ಉತ್ತರ (ಚಿಕ್ಕಬಳ್ಳಾಪುರ): ಮೊದಲು ಪಕಾರ ಸವೆದು ಹಕಾರವಾಯಿತು, ಈಗ ಮಾತಿನಲ್ಲಿ ಹಕಾರವೂ ಸವೆಯುತ್ತಿದೆ. 'ಓಯ್ತೀನಿ' ಅನ್ನುವವರನ್ನು ದಯವಿಟ್ಟು ತಿದ್ದಬೇಡಿ. ತಿದ್ದಿಸಿಕೊಂಡು ಹೆದರಿದವರೇ ಬೇಡದ ಕಡೆಯೂ ಹಕಾರ ಸೇರಿಸಿ 'ಹಕ್ಕಿ ಹಿಟ್ಟು' ಬರೆಯುವುದು. ಬರಹದಲ್ಲಿ ಮಾತ್ರ ಬಿಡಬಾರದು: ಆರು–ಹಾರು, ಎತ್ತು–ಹೆತ್ತು, ಒಂದಕ್ಷರಕ್ಕೆ ಅರ್ಥವೇ ಬೇರೆ.

ಉತ್ತರ (ತಿಪಟೂರು): 'ಮಕ್ಕಳುಗಳು', 'ಜನರುಗಳು' ಕೂಡ ಸೇರಿಸಿಕೊಳ್ಳಿ. ಮಕ್ಕಳು, ಜನರು ಆಗಲೇ ಬಹುವಚನ; ಮೇಲೊಂದು 'ಗಳು' ಬೇಡ. ಫಲಕಕ್ಕೆ ಬಣ್ಣ ಹಚ್ಚುವ ಮೊದಲು ಕಾಗದದ ಮೇಲೆ ಬರೆಸಿ ಓದಿಸಿ.