ಪದಚರ್ಚೆ: ಮನೆ ಬದಲಿಸುವವರ ಪೆಟ್ಟಿಗೆಯ ಚೀಟಿಗೆ ತಕ್ಕ ಮಾತು ಯಾವುದು?

ಪ್ರಶ್ನೆ

ಮಾನ್ಯರೇ,

ಸಾಗಣೆ ಸಂಸ್ಥೆಯವರನ್ನು ಕರೆಯದೆ, ಮನೆಯವರು, ನೆಂಟರು ಮತ್ತು ಸ್ನೇಹಿತರು ಸೇರಿ ಒಂದು ಮನೆಯ ಸಾಮಾನನ್ನೆಲ್ಲ ಇನ್ನೊಂದು ಮನೆಗೆ ಸಾಗಿಸಿಕೊಳ್ಳುವ ಬಗೆಯನ್ನು ತಿಳಿಸುವ 16 ಪುಟಗಳ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಪೆಟ್ಟಿಗೆಗಳಿಗೆ ಅಂಟಿಸುವ ಚೀಟಿಗಳ ಹಾಳೆಯೂ ಅದರೊಂದಿಗೆ ಅಚ್ಚಾಗಲಿದೆ. ನಾಡಿದ್ದು ಬೆಳಿಗ್ಗೆ ಎಲ್ಲವನ್ನೂ ಅಚ್ಚಿಗೆ ಕೊಡಬೇಕಾಗಿರುವುದರಿಂದ ಮೂರು ಸಂದೇಹಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಶೀರ್ಷಿಕೆಗೆ ‘ಸ್ವಯಂ ಗೃಹ ಸ್ಥಳಾಂತರ’ ಎಂದು ಬರೆದಿದ್ದೇನೆ. ಓದಿದಷ್ಟು ಸಲವೂ ಸರ್ಕಾರಿ ಸುತ್ತೋಲೆಯಂತೆ ಕೇಳಿಸುತ್ತದೆ. ಎರಡನೆಯದಾಗಿ, ‘ಪ್ಯಾಕ್ ಮಾಡು’ ಎಂಬುದು ಪುಟಕ್ಕೆ ಹತ್ತು ಸಲ ಬರುತ್ತಿದೆ. ಇದಕ್ಕೆ ಒಂದೇ ಕನ್ನಡ ಕ್ರಿಯಾಪದ ಸಿಕ್ಕೀತೇ? ಮೂರನೆಯದಾಗಿ, ಒಡೆಯುವ ವಸ್ತುಗಳಿರುವ ಪೆಟ್ಟಿಗೆಗೆ ‘ನಾಜೂಕು’ ಎಂದೂ, ತಲೆಕೆಳಗು ಮಾಡಬಾರದ ಪೆಟ್ಟಿಗೆಗೆ ಬಾಣದ ಗುರುತಿನೊಂದಿಗೆ ‘ಮೇಲೆ’ ಎಂದೂ ಹಾಕಿದ್ದೇನೆ. ಚೀಟಿ ಅಂಗೈಯಷ್ಟೇ ಅಗಲವಿರುವುದರಿಂದ ಮೂರು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ದಯವಿಟ್ಟು ತಿಳಿಸಿ.

ಮೊದಲ ಉತ್ತರ

‘ಸ್ಥಳಾಂತರ’ವನ್ನು ಬಿಟ್ಟುಬಿಡಿ. ಕಚೇರಿ ಸ್ಥಳಾಂತರವಾಗುತ್ತದೆ, ನೆರೆ ಬಂದಾಗ ಜನರನ್ನು ಸ್ಥಳಾಂತರಿಸುತ್ತಾರೆ. ಎರಡರಲ್ಲೂ ತೀರ್ಮಾನ ಬೇರೆ ಯಾರದೋ ಆಗಿರುತ್ತದೆ. ಅದರ ಮುಂದೆ ‘ಸ್ವಯಂ’ ಸೇರಿಸಿದರೆ ‘ಸ್ವಯಂಚಾಲಿತ’ದ ಛಾಯೆ ಬಂದು, ಮನೆ ತಾನಾಗಿಯೇ ನಡೆದುಹೋಯಿತೆಂಬ ಅರ್ಥ ಹೊರಡುತ್ತದೆ. ‘ಮನೆ ಖಾಲಿ ಮಾಡುವುದು’ ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. ‘ಗಂಟುಮೂಟೆ ಕಟ್ಟುವುದು’ ಎಂದರೆ ಮರಳಿ ಬಾರದಂತೆ ಹೊರಟುಹೋಗುವುದು. ‘ಗುಳೆ’ಯಲ್ಲಿ ಬರಗಾಲದ ಸಂಕಟವಿದೆ, ಅದನ್ನು ಇಲ್ಲಿಗೆ ಎಳೆದು ತರುವುದು ತಪ್ಪು.

ನನಗೆ ಬಹಳ ಪ್ರಿಯವಾದುದು ‘ಬಿಡಾರ ಎತ್ತು’ ಎಂಬ ನುಡಿಗಟ್ಟು. ‘ಕೆಡು’ವಿನಿಂದ ‘ಕೇಡು’, ‘ಪಡು’ವಿನಿಂದ ‘ಪಾಡು’ ಆದಂತೆ, ‘ಬಿಡು’ ಧಾತುವಿನ ಮೊದಲ ಸ್ವರ ದೀರ್ಘವಾಗಿ ‘ಬೀಡು’ ಆಯಿತು; ‘ಬಿಡಾರ’ವೂ ಅದೇ ಧಾತುವಿನದು. ತಂಗುವ ಜಾಗಕ್ಕೆ ಇಟ್ಟ ಹೆಸರಿನಲ್ಲಿಯೇ ಬಿಡುವ ಕ್ರಿಯೆ ಇದೆ ಎಂಬುದನ್ನು ಗಮನಿಸಬೇಕು. ಪಯಣವನ್ನು ಬಿಟ್ಟು, ಎತ್ತುಗಳ ನೊಗ ಬಿಟ್ಟು, ಇಳಿದುಕೊಂಡ ಜಾಗವದು. ಆದರೂ ಇಂದಿನ ಓದುಗನಿಗೆ ‘ಬಿಡಾರ’ ಎಂದೊಡನೆ ಡೇರೆ ಕಣ್ಣಮುಂದೆ ಬರುತ್ತದೆ. ಆದ್ದರಿಂದ ಮನಸ್ಸಿಲ್ಲದಿದ್ದರೂ ಅದನ್ನು ಬದಿಗಿಟ್ಟು, ‘ನಾವೇ ಮನೆ ಬದಲಿಸುವುದು ಹೇಗೆ?’ ಎಂಬ ಶೀರ್ಷಿಕೆಯನ್ನು ಸೂಚಿಸುತ್ತೇನೆ. ‘ಸ್ವಯಂ’ ಹೇಳಲಾಗದುದನ್ನು ‘ನಾವೇ’ ಎಂಬುದರ ಏಕಾರ ಹೇಳುತ್ತದೆ.

‘ಪ್ಯಾಕ್ ಮಾಡು’ವಿಗೆ ಒಂದೇ ಪದವನ್ನು ಹುಡುಕುವುದೇ ತಪ್ಪು ದಾರಿ. ಕನ್ನಡದಲ್ಲಿ ಬಟ್ಟೆಯನ್ನು ಗಂಟು ಕಟ್ಟುತ್ತೇವೆ, ಹಾಸಿಗೆಯನ್ನು ಸುತ್ತುತ್ತೇವೆ, ಪಾತ್ರೆಯನ್ನು ಒಂದರೊಳಗೊಂದು ಜೋಡಿಸುತ್ತೇವೆ, ಪುಸ್ತಕವನ್ನು ಪೆಟ್ಟಿಗೆಗೆ ತುಂಬುತ್ತೇವೆ. ಪ್ರತಿಯೊಂದು ಕ್ರಿಯಾಪದವೂ ಕೆಲಸದ ಕ್ರಮವನ್ನೇ ಹೇಳಿಕೊಡುತ್ತಿರುವಾಗ ಅವೆಲ್ಲವನ್ನೂ ಅಳಿಸಿ ಒಂದನ್ನು ಉಳಿಸಿಕೊಳ್ಳುವುದರಿಂದ ಕೈಪಿಡಿಯ ಓದುಗನಿಗೆ ನಷ್ಟವೇ ಹೊರತು ಲಾಭವಿಲ್ಲ. ತಟ್ಟೆಗಳ ವಿಷಯವನ್ನೇ ನೋಡಿ. ಅವನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನ ಭಾರವೆಲ್ಲ ಕೆಳಗಿನದರ ಮೇಲೆ ಬಿದ್ದು ಅದು ಬಿರುಕು ಬಿಡುತ್ತದೆ. ಕಾಗದ ಸುತ್ತಿ, ಕಪಾಟಿನಲ್ಲಿ ಪುಸ್ತಕವಿಡುವಂತೆ ಅಂಚಿನ ಮೇಲೆ ನಿಲ್ಲಿಸಬೇಕು. ‘ತಟ್ಟೆಗಳನ್ನು ಪ್ಯಾಕ್ ಮಾಡಿ’ ಎಂಬಲ್ಲಿ ಇದಾವುದೂ ಇಲ್ಲ. ‘ಸುತ್ತಿ ನಿಲ್ಲಿಸಿ’ ಎಂದರೆ ಎರಡೇ ಪದದಲ್ಲಿ ಮುಗಿಯಿತು.

ಚೀಟಿಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ. ದಿನವೂ ಇದನ್ನೇ ಮಾಡುವ ಕೆಲಸಗಾರರಿಗೆ ಬಾಣದ ಗುರುತೊಂದೇ ಸಾಕು. ಆದರೆ ನಿಮ್ಮ ಚೀಟಿಯನ್ನು ಓದುವವನು ಎರಡೂ ಕೈಯಲ್ಲಿ ಭಾರ ಹೊತ್ತು, ಪರಿಚಯವಿಲ್ಲದ ಮನೆಯ ಬಾಗಿಲಲ್ಲಿ ನಿಂತಿರುವ ಸ್ನೇಹಿತ. ನಾವು ಮನೆ ಬದಲಿಸಿದಾಗ ಗಾಜಿನ ಲೋಟಗಳ ಪೆಟ್ಟಿಗೆಯೊಂದರ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ‘ಮೇಲೆ’ ಎಂದು ಬರೆದಿದ್ದೆ. ನನ್ನ ಭಾವಮೈದುನ ಅದನ್ನು ಹೊತ್ತು ನೇರವಾಗಿ ಮಹಡಿ ಹತ್ತಿದ. ಅಲ್ಲಿಂದ ಅದನ್ನು ಇಳಿಸಿ ತಂದ ಇನ್ನೊಬ್ಬರು ಎಲ್ಲಕ್ಕಿಂತ ಮೇಲೆ ಇಡಬೇಕೆಂದು ತಿಳಿದು ಪುಸ್ತಕದ ಪೆಟ್ಟಿಗೆಗಳ ರಾಶಿಯ ತುದಿಯಲ್ಲಿ, ಅದೂ ಅಡ್ಡವಾಗಿ, ಇಟ್ಟರು. ಆರು ಲೋಟಗಳಲ್ಲಿ ಎರಡು ಉಳಿದವು. ಇಬ್ಬರೂ ಚೀಟಿಯನ್ನು ಸರಿಯಾಗಿಯೇ ಓದಿದ್ದರು. ತಪ್ಪು ನನ್ನ ಪದದ್ದು. ‘ಈ ಬದಿ ಮೇಲಿರಲಿ’ ಎಂಬುದು ಮೂರೇ ಪದ, ಅದಕ್ಕೆ ಎರಡನೆಯ ಅರ್ಥವಿಲ್ಲ.

‘ನಾಜೂಕು’ ಪಾರಸಿಯಲ್ಲಿ ಮೃದು, ಕೋಮಲ ಎಂಬ ಅರ್ಥದ್ದೇ ಆದರೂ ಕನ್ನಡಕ್ಕೆ ಬಂದ ಮೇಲೆ ‘ನಾಜೂಕಾಗಿ ಮಾತನಾಡಿದ’ ಎಂಬಂತೆ ಚಾತುರ್ಯದ ಕಡೆಗೆ ವಾಲಿದೆ. ‘ಭಂಗುರ’ ‘ಕ್ಷಣಭಂಗುರ’ದ ಹೊರಗೆ ಯಾರಿಗೂ ಸಿಗುವುದಿಲ್ಲ. ಒಳಗಿರುವುದನ್ನೇ ಹೆಸರಿಸಿ ‘ಗಾಜು, ನಿಧಾನ’ ಎಂದು ಬರೆಯಿರಿ.

ಇಷ್ಟಕ್ಕಿಂತ ಮುಖ್ಯವಾದುದು ವಿಭಕ್ತಿ. ‘ಅಡುಗೆಮನೆಯ ಸಾಮಾನು’ ಎಂದು ಷಷ್ಠಿಯಲ್ಲಿ ಬರೆದರೆ ಪೆಟ್ಟಿಗೆ ಎಲ್ಲಿಂದ ಬಂತೆಂಬುದಷ್ಟೇ ತಿಳಿಯುತ್ತದೆ. ‘ಅಡುಗೆಮನೆಗೆ’ ಎಂದು ಚತುರ್ಥಿಯಲ್ಲಿ ಬರೆದರೆ ಎಲ್ಲಿ ಇಳಿಸಬೇಕೆಂಬುದು ತಿಳಿಯುತ್ತದೆ. ಹೊತ್ತವನಿಗೆ ಬೇಕಾದುದು ಎರಡನೆಯದು. ಚೀಟಿಗಳನ್ನೆಲ್ಲ ಚತುರ್ಥಿಯಲ್ಲಿಯೇ ಅಚ್ಚು ಹಾಕಿಸಿ.

ಎರಡನೆಯ ಉತ್ತರ

ಮೇಲಿನ ಪತ್ರವನ್ನು ಒಪ್ಪಲಾರೆ. ‘ಬದಲು’ ಅರಬ್ಬಿ, ‘ಖಾಲಿ’ ಅರಬ್ಬಿ, ‘ಸಾಮಾನು’ ಪಾರಸಿ. ನಮ್ಮ ಮನೆಯನ್ನು ನಾವೇ ಸಾಗಿಸಿಕೊಳ್ಳಬಲ್ಲೆವೆಂದು ಹೇಳುವ ಪುಸ್ತಕಕ್ಕೆ ಹೆಸರನ್ನು ಮಾತ್ರ ಸಾಲ ತರುವುದೇಕೆ? ‘ಮನೆಮಾರ್ಪು’ ಎಂಬ ಅಚ್ಚಗನ್ನಡ ಪದವನ್ನು ಕಟ್ಟಿಕೊಳ್ಳಬಹುದು. ‘ಸಾಮಾನಿ’ಗೆ ‘ಸರಕು’ ಇದೆ. ಕಟ್ಟುವ ಹಗ್ಗ, ಹೊರುವ ಹೆಗಲು, ಇಡುವ ಮೂಲೆ, ಎಲ್ಲವೂ ಕನ್ನಡವೇ ಆಗಿರುವಾಗ ನಡುವೆ ಎರವಲಿಗೆ ಕೆಲಸವಿಲ್ಲ. ಜನ ಬಳಸುತ್ತಾರೆಂಬುದು ವಾದವಲ್ಲ. ಕೊಟ್ಟರೆ ಹೊಸ ಪದವನ್ನೂ ಬಳಸುತ್ತಾರೆ. ಬರೆಯುವವರು ಕೊಡದೆ ಹೋದುದರಿಂದಲೇ ‘ಶಿಫ್ಟ್ ಮಾಡು’ ನಮ್ಮ ಅಡುಗೆಮನೆಯವರೆಗೆ ಬಂದಿದೆ.

ಮೂರನೆಯ ಉತ್ತರ

‘ಹಗ್ಗ’ವನ್ನು ಉದಾಹರಣೆಗೆ ತೆಗೆದುಕೊಂಡುದು ಒಳ್ಳೆಯದೇ ಆಯಿತು. ಅದು ‘ಪ್ರಗ್ರಹ’ದ ತದ್ಭವ, ‘ಪಾಲು’ ‘ಹಾಲು’ ಆದಂತೆ ‘ಪಗ್ಗ’ ‘ಹಗ್ಗ’ವಾಯಿತು. ‘ಬಾಡಿಗೆ’ಯ ಹಿಂದೆ ‘ಭಾಟಕ’ವಿದೆ. ಹೊಸ ಮನೆಯ ‘ಚಾವಿ’ ಪೋರ್ಚುಗೀಸರದು, ಅಲ್ಲಿಗೆ ಹೊರುವ ‘ಕುರ್ಚಿ’ ಅರಬ್ಬಿಯದು. ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಕಾವ್ಯ ಬರೆದ ಆಂಡಯ್ಯನೂ ತದ್ಭವಗಳನ್ನು ಬಿಡಲಿಲ್ಲ. ಎರವಲನ್ನೆಲ್ಲ ಇಳಿಸಿ ಹೊರಟರೆ ಲಾರಿ ಅರ್ಧ ಖಾಲಿಯಾಗಿಯೇ ಹೊಸ ಮನೆ ಸೇರುತ್ತದೆ.

‘ಮನೆಮಾರ್ಪು’ ನಿಲ್ಲುವುದಿಲ್ಲ. ‘ಮಾರ್ಪಾಡು’ ಎಂಬುದು ಇದ್ದ ವಸ್ತುವಿನ ರೂಪ ಬದಲಾಗುವುದನ್ನು ಹೇಳುತ್ತದೆ; ಓದುಗನು ಗೋಡೆ ಕೆಡವಿ ಕಟ್ಟುವ ಪುಸ್ತಕವೆಂದು ತಿಳಿಯುತ್ತಾನೆ, ಇಲ್ಲವೇ ‘ಮಾರು’ ಧಾತುವಿನ ಕಡೆಗೆ ಹೋಗಿ ಮನೆ ಮಾರಾಟದ ಪುಸ್ತಕವೆಂದು ತಿಳಿಯುತ್ತಾನೆ. ‘ಸರಕು’ ಕನ್ನಡದ್ದೇ, ಆದರೆ ಅಂಗಡಿಯದ್ದು. ಅಜ್ಜಿಯ ಹಾಸಿಗೆಯನ್ನು ಯಾರೂ ಸರಕು ಎನ್ನುವುದಿಲ್ಲ.

ಎರಡನೆಯ ಉತ್ತರದ ಲೇಖಕರಿಂದ

ತದ್ಭವವು ಕನ್ನಡದ ಬಾಯಲ್ಲಿ ಹದಗೊಂಡ ಪದ, ‘ಬದಲು’ ಹಾಗಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದು ಸರಿಯಲ್ಲ. ಶೀರ್ಷಿಕೆಯ ವಿಷಯದಲ್ಲಿ ನನ್ನ ನಿಲುವು ಬದಲಾಗುವುದಿಲ್ಲ. ಚತುರ್ಥಿಯ ಮಾತನ್ನು ಮಾತ್ರ ಪೂರ್ಣವಾಗಿ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಶೀರ್ಷಿಕೆಯನ್ನು ‘ನಾವೇ ಮನೆ ಬದಲಿಸುವುದು ಹೇಗೆ?’ ಎಂದು ತಿದ್ದಿದ್ದೇನೆ. ‘ಪ್ಯಾಕ್ ಮಾಡು’ವನ್ನು ಕಟ್ಟು, ಸುತ್ತು, ಜೋಡಿಸು, ತುಂಬು ಎಂದು ಬಿಡಿಸಿ ಬರೆಯುತ್ತ ಹೋದಾಗ ಒಂದು ಸಂಗತಿ ಹೊಳೆಯಿತು: ಭಾರವಾದ ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗೂ ಹಗುರವಾದ ದಿಂಬುಗಳನ್ನು ದೊಡ್ಡ ಪೆಟ್ಟಿಗೆಗೂ ಹಾಕಬೇಕೆಂದು ವಿವರಿಸುವ ವಾಕ್ಯ ಮೂಲದಲ್ಲಿ ನಾಲ್ಕು ಸಾಲಿನಷ್ಟಿತ್ತು, ‘ಚಿಕ್ಕದಕ್ಕೆ ಪುಸ್ತಕ ತುಂಬಿ, ದೊಡ್ಡದಕ್ಕೆ ದಿಂಬು ತುರುಕಿ’ ಎಂದು ಒಂದೇ ಸಾಲಿಗೆ ಇಳಿಯಿತು. ಕೋಣೆಗಳ ಚೀಟಿಗಳೆಲ್ಲ ಚತುರ್ಥಿಗೆ ಬಂದಿವೆ.

ಕೊನೆಯದಾಗಿ ಇನ್ನೊಂದು ಚೀಟಿ ಉಳಿದಿದೆ. ಫ್ರಿಜ್ಜನ್ನು ಅಡ್ಡ ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದು ಸೇರುವುದರಿಂದ ಅದನ್ನು ನೆಟ್ಟಗೆ ಇಟ್ಟುಕೊಂಡೇ ಸಾಗಿಸಬೇಕೆಂದು ಮೂಲದಲ್ಲಿದೆ. ‘ನಿಲ್ಲಿಸಿ ಸಾಗಿಸಿ’ ಎಂದು ಬರೆದೆ. ಆದರೆ ಫ್ರಿಜ್ಜನ್ನು ‘ನಿಲ್ಲಿಸುವುದು’ ಎಂದರೆ ವಿದ್ಯುತ್ತನ್ನು ಆರಿಸುವುದು ಎಂದೂ ಆಗುತ್ತದೆಯಲ್ಲವೇ?

ಮೊದಲ ಉತ್ತರದ ಲೇಖಕರಿಂದ

ಆಗುತ್ತದೆ. ‘ಮಲಗಿಸಬೇಡಿ’ ಎಂದಷ್ಟೇ ಬರೆಯಿರಿ.